ಹಗ್ಗ ಹಿಡಿದು ಇಳಿಯುವ ಮುನ್ನ

ಮಗಳು ಕಾಲೇಜಿನಿಂದ ಒಪ್ಪಿಗೆ ಪತ್ರ ತಂದು ಸಹಿ ಕೇಳುತ್ತಾಳೆ. ಭಾನುವಾರ ರಾಮನಗರದ ಬಂಡೆಯೊಂದರಿಂದ ಹಗ್ಗದಲ್ಲಿ ಇಳಿಯುವ ಶಿಬಿರ, ಅಂದರೆ ರ್‍ಯಾಪೆಲಿಂಗ್. ಅಪ್ಪ ಬಸ್ಸಿನ ವಿಚಾರ ಕೇಳುತ್ತಾರೆ, ಅಮ್ಮ ಬುತ್ತಿಯ ವಿಚಾರ. ಹಗ್ಗವನ್ನು ಮೇಲೆ ಯಾವುದಕ್ಕೆ ಕಟ್ಟುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದದ್ದೇ ಅದು. ಬಂಡೆ ಹತ್ತುವವನ ಭಾರವನ್ನು ಅವನ ಕೈಕಾಲುಗಳೇ ಹೊರುತ್ತವೆ. ಹಗ್ಗ ಇರುವುದು ಜಾರಿದರೆ ಹಿಡಿಯಲಿಕ್ಕೆ. ಇಳಿಯುವವನು ಮೊದಲ ಹೆಜ್ಜೆಯಿಂದಲೇ ತನ್ನ ಭಾರವನ್ನೆಲ್ಲ ಹಗ್ಗಕ್ಕೆ ಒಪ್ಪಿಸಿರುತ್ತಾನೆ. ನುರಿತ ಆರೋಹಿಗಳು ಹತ್ತುವುದಕ್ಕಿಂತ ಇಳಿಯುವುದಕ್ಕೇ ಹೆಚ್ಚು ಅಂಜುವುದು ಸುಮ್ಮನೆ ಅಲ್ಲ.

ಈ ವಿದ್ಯೆಯ ಮೂಲ ಆಲ್ಪ್ಸ್ ಪರ್ವತದಲ್ಲಿದೆ. ಷಾಮೊನಿಯ ಮಾರ್ಗದರ್ಶಿ ಜ್ಯಾಂ ಶಾರ್ಲೆ 1876ರಲ್ಲಿ ಪೆಟಿ ದ್ರು ಶಿಖರವನ್ನು ಹತ್ತಲು ಹೋಗಿ, ಆಗದೆ ಹಿಂದಿರುಗುವಾಗ ಜೋಡಿ ಹಗ್ಗ ಇಳಿಬಿಟ್ಟು ಇಳಿದ, ಆಮೇಲೆ ಕೆಳಗಿನಿಂದ ಒಂದು ತುದಿ ಎಳೆದು ಹಗ್ಗವನ್ನು ಬಿಡಿಸಿಕೊಂಡ. ಆ ಶಿಖರ ಅವನಿಗೆ ದಕ್ಕಿದ್ದು 1879ರಲ್ಲಿ. ಮುಂದೆ ಜರ್ಮನಿಯ ಹಾನ್ಸ್ ಡ್ಯುಲ್ಫರ್ ಹಗ್ಗವನ್ನು ತೊಡೆಗೂ ಹೆಗಲಿಗೂ ಸುತ್ತಿ ಇಳಿಯುವ ಕ್ರಮವನ್ನು ಬಳಕೆಗೆ ತಂದ. ಘರ್ಷಣೆಯನ್ನೆಲ್ಲ ಮೈಯೇ ತಡೆದುಕೊಳ್ಳಬೇಕಿತ್ತು, ಚರ್ಮ ಸುಲಿಯುತ್ತಿತ್ತು. ಈಗ ಆ ಕೆಲಸವನ್ನು ಡಿಸೆಂಡರ್ ಎಂಬ ಲೋಹದ ಸಾಧನ ಮಾಡುತ್ತದೆ.

ಹಗ್ಗ ಕಟ್ಟುವ ಆಧಾರಕ್ಕೆ ಆಂಕರ್ ಎನ್ನುತ್ತಾರೆ. ರಾಮನಗರದ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು, ಗಟ್ಟಿ ಶಿಲೆ. ಆದರೆ ಬಿಸಿಲು ಮಳೆಗೆ ಅದರ ಮೇಲ್ಪದರ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತದೆ. ಮಡಕೆ ಕೊಳ್ಳುವವರು ಬಡಿದು ನೋಡುತ್ತಾರಲ್ಲ, ಬಂಡೆಯನ್ನೂ ಹಾಗೆಯೇ ನೋಡಬೇಕು. ಟೊಳ್ಳು ಸದ್ದು ಬಂದರೆ ಅದನ್ನು ನಂಬುವಂತಿಲ್ಲ. ಬೇರು ಭದ್ರವಾಗಿರುವ ಹಸಿ ಮರ ಆಗಬಹುದು, ಒಣಗಿದ್ದು ಬೇಡ. ಯಾವುದೇ ಇರಲಿ, ಆಧಾರ ಒಂದೇ ಆಗಿರಬಾರದು. ಒಂದು ಕಿತ್ತುಬಂದರೂ ಇನ್ನೊಂದು ಜರ್ಕಿಲ್ಲದೆ ಭಾರ ಹೊರುವಂತಿರಬೇಕು. (ಬಂಡೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಜಾಗವನ್ನೇ ಬಿಡುವುದು ಲೇಸು. ಹಗ್ಗದಲ್ಲಿ ನೇತಾಡುವವನಿಗೆ ಓಡಲು ಎಲ್ಲಿ ದಾರಿ?)

ಎರಡು ಆಧಾರಗಳಿಂದ ಬರುವ ಪಟ್ಟಿಗಳು ಒಂದೆಡೆ ಸೇರುವ ಕೋನ ಬಹಳ ಮುಖ್ಯ. 60 ಕಿಲೋ ತೂಕದ ಹುಡುಗ ನೇತಾಡುತ್ತಿದ್ದಾನೆ ಎನ್ನಿ. ಕೋನ 60 ಡಿಗ್ರಿ ಇದ್ದರೆ ಪ್ರತಿ ಆಧಾರಕ್ಕೆ ಬೀಳುವ ಎಳೆತ ಸುಮಾರು 35 ಕಿಲೋ. 120 ಡಿಗ್ರಿಯಾದರೆ ಎರಡಕ್ಕೂ ತಲಾ 60 ಕಿಲೋ, ಅಂದರೆ ಭಾರ ಹಂಚಿಕೊಂಡ ಲಾಭವೇ ಇಲ್ಲ. 150 ಡಿಗ್ರಿಗೆ ಹೋದರೆ ತಲಾ 116 ಕಿಲೋ! ಬಿಗಿಯಾಗಿ ಎಳೆದು ಕಟ್ಟಿದ ತಂತಿ ಒಂದೇ ಒದ್ದೆ ಜಮಖಾನಕ್ಕೆ ಕಿತ್ತುಬರುವುದನ್ನು ಕಂಡ ಗೃಹಿಣಿಗೆ ಈ ಗಣಿತ ಹೊಸದಲ್ಲ. ಪಿಯುಸಿಯಲ್ಲಿ ಬಲಗಳ ಸಮಾಂತರ ಚತುರ್ಭುಜವನ್ನು ಕಂಠಪಾಠ ಮಾಡುವ ಹುಡುಗರಿಗೆ ಅದನ್ನು ಬಂಡೆಯ ಮೇಲೆ ತೋರಿಸಿದರೆ ಮರೆಯುವುದಿಲ್ಲ.

ಇನ್ನು ಶಾಖ. ಆ ಹುಡುಗ 30 ಮೀಟರ್ ಇಳಿದರೆ ಸುಮಾರು 17,600 ಜೂಲ್ ಶಕ್ತಿ ಬಹುಪಾಲು ಶಾಖವಾಗುತ್ತದೆ. ಅರ್ಧ ಲೋಟ ಕಾಫಿಯಷ್ಟು, ಅಂದರೆ 50 ಮಿಲಿಲೀಟರ್ ನೀರು ಕುದಿಯಲು ಅಷ್ಟು ಸಾಕು. ಸಿನಿಮಾದ ವೀರರಂತೆ ರಪ್ಪನೆ ಜಿಗಿದಿಳಿದರೆ ಲೋಹ ಕೈ ಸುಡುವಷ್ಟು ಕಾಯುತ್ತದೆ, ಆಂಕರಿಗೂ ಪೆಟ್ಟು ಬೀಳುತ್ತದೆ. ಮೆಲ್ಲಗೆ ನಡೆದಿಳಿಯುವುದೇ ಸರಿ. ನೈಲಾನಿಗೆ ಆಮ್ಲವೂ ಶತ್ರು. ಜೀಪಿನಲ್ಲಿ ಬ್ಯಾಟರಿಯ ಪಕ್ಕ ಇಟ್ಟು ತಂದ ಹಗ್ಗ ನೋಡಲು ಚೆನ್ನಾಗಿದ್ದರೂ ಒಳಗೆ ಸತ್ತಿರಬಹುದು. ಹಗ್ಗ ಬಂಡೆಯ ಅಂಚಿಗೆ ತಾಗುವಲ್ಲಿ ದಪ್ಪ ಗೋಣಿಚೀಲ ಹಾಸಬೇಕು.

ಹಗ್ಗದ ಕೆಳತುದಿಗೆ ಗಂಟು ಹಾಕುವುದು ಅರ್ಧ ನಿಮಿಷದ ಕೆಲಸ. 2019ರ ನವೆಂಬರಿನಲ್ಲಿ ಮೆಕ್ಸಿಕೋದಲ್ಲಿ ಬ್ರಾಡ್ ಗೋಬ್ರೈಟ್ ಎಂಬ ಹೆಸರಾಂತ ಅಮೆರಿಕನ್ ಆರೋಹಿ ಪ್ರಾಣ ಕಳೆದುಕೊಂಡದ್ದು ಗಂಟಿಲ್ಲದ ತುದಿಯಿಂದ ಹಗ್ಗ ಜಾರಿಹೋಗಿ. ಕೈ ತಪ್ಪಿದರೆ ತಡೆಯಲು ಇನ್ನೊಂದು ಉಪಾಯವಿದೆ: ತೆಳು ದಾರದ ಕುಣಿಕೆಯನ್ನು ಡಿಸೆಂಡರಿನ ಕೆಳಗೆ ಹಗ್ಗಕ್ಕೆ ಸುತ್ತಿ ಹಾರ್ನೆಸ್ಸಿಗೆ ಸಿಕ್ಕಿಸುವುದು. ಕೈಯಲ್ಲಿ ತಳ್ಳುತ್ತಿದ್ದರೆ ಜಾರುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಇಂಥ ಗಂಟುಗಳಲ್ಲಿ ಹೆಸರಾದದ್ದು ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಕಟಿಸಿದ್ದು. ಕುಣಿಕೆ ಗಿಡ್ಡವಾಗಿರಬೇಕು, ಉದ್ದವಾದರೆ ಡಿಸೆಂಡರಿಗೆ ತಾಗಿ ಕೆಲಸ ಕೆಡುತ್ತದೆ.

ಹೊಸಬರಿಗೆ ಇಷ್ಟೂ ಸಾಲದು. ಬೇರೆಯದೇ ಆಂಕರಿನಿಂದ ಎರಡನೆಯ ಹಗ್ಗವೊಂದು ಅವರ ಸೊಂಟಕ್ಕೆ ಬಂದು, ಅದರ ಹಿಡಿತ ಮೇಲಿರುವ ಶಿಕ್ಷಕರ ಕೈಯಲ್ಲಿರಬೇಕು. ಇದಿಲ್ಲದ ಶಿಬಿರಕ್ಕೆ ಮಕ್ಕಳನ್ನು ಕಳಿಸಬಾರದು. ಜಡೆ, ದುಪಟ್ಟಾ, ಜೋತುಬಿದ್ದ ಅಂಗಿಯ ತುದಿ ಡಿಸೆಂಡರಿಗೆ ಸಿಕ್ಕಿದರೆ ನಡುಬಂಡೆಯಲ್ಲಿ ಫಜೀತಿ. ಮೊದಲೇ ಕಟ್ಟಿ ಒಳಗೆ ಸೇರಿಸಬೇಕು. ಅಂಚಿನಲ್ಲಿ ನಿಂತು ಒಲ್ಲೆ ಎಂದ ಮಗುವನ್ನು ಹೇಡಿ ಎಂದು ಛೇಡಿಸುವ ಶಿಕ್ಷಕ, ಎಷ್ಟೇ ಪ್ರಶಸ್ತಿಪತ್ರ ಇದ್ದರೂ, ಆ ಕೆಲಸಕ್ಕೆ ತಕ್ಕವನಲ್ಲ.

ಎಲ್ಲರೂ ಇಳಿದ ಮೇಲೆ ಜೋಡಿ ಹಗ್ಗದಲ್ಲಿ ಕೊನೆಯದಾಗಿ ಬರುವವನಿಗೆ ಮೇಲಿನ ಹಿಡಿತವಿರುವುದಿಲ್ಲ. ಬೇರೊಂದು ಪಟ್ಟಿಯಿಂದ ಆಂಕರಿಗೆ ಕಟ್ಟಿಕೊಂಡೇ ಅವನು ಹಗ್ಗಕ್ಕೆ ಭಾರ ಬಿಟ್ಟು ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಪಟ್ಟಿ ಕಳಚುತ್ತಾನೆ. ಕೆಳಗೆ ಬಂದವನೇ ತುದಿಯ ಗಂಟು ಬಿಚ್ಚಿ ಹಗ್ಗ ಎಳೆಯುತ್ತಾನೆ. ಅದು ಪೂರ್ತಿ ನೆಲಕ್ಕೆ ಬೀಳುವತನಕ ಯಾರೂ ಹೆಲ್ಮೆಟ್ ತೆಗೆಯುವಂತಿಲ್ಲ, ಹಗ್ಗದ ಜೊತೆ ಕಲ್ಲೂ ಬರುವುದುಂಟು.