ಬಿದ್ದರೆ ಎತ್ತುವವರು ಯಾರು?

“ಅಮ್ಮೀ, ಈ ಸಲದ ಚೀಟಿ ಹಣದಲ್ಲಿ ನನಗೆ ಬೈಕ್ ಕೊಡಿಸ್ತೀಯಾ?” ಎಂದು ಮಗ ಕೇಳಿದಾಗ ನನ್ನ ಕಣ್ಣು ಹೋದದ್ದು ನನ್ನವರ ಕಾಲಿನ ಕಡೆಗೆ.

ನಮ್ಮದು ಚಳ್ಳಕೆರೆ. ನನ್ನವರದು ಬೋರ್‌ವೆಲ್ ಮೋಟಾರ್ ರಿಪೇರಿ ಕೆಲಸ. ಮಳೆಯೇ ಕಡಿಮೆಯಿರುವ ಈ ಸೀಮೆಯಲ್ಲಿ ಮೋಟಾರ್ ನಿಂತರೆ ರೈತನ ಕೈಕಾಲೇ ಆಡುವುದಿಲ್ಲ. ಕರೆ ಬಂದರೆ ಹೊತ್ತು ನೋಡದೆ ಹೊರಡಬೇಕು. ಹಾಗೆ ಒಮ್ಮೆ ಮೊಳಕಾಲ್ಮೂರು ಕಡೆಯ ಹೊಲದಿಂದ ಸಂಜೆ ಹಿಂತಿರುಗುವಾಗ ಜಲ್ಲಿ ತಿರುವಿನಲ್ಲಿ ಮುಂದಿನ ಬ್ರೇಕ್ ಒತ್ತಿ ಬಿದ್ದರು. ಬೈಕ್ ಕಾಲ ಮೇಲೆ. ಎತ್ತಲು ಯಾರೂ ಇಲ್ಲ. ಕುರಿ ಕಾಯುವ ಹುಡುಗರು ಕಂಡು ಓಡಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಆ ಮೊಣಕಾಲು ಇಂದಿಗೂ ಪೂರ್ತಿ ಮಡಚುವುದಿಲ್ಲ. ನಮಾಝ್ ಕುರ್ಚಿಯ ಮೇಲೆ.

2022ರಲ್ಲಿ ಅದೇ ಕೆಲಸಕ್ಕೆ ಮಗ ಇಳಿದಿದ್ದ. ನಾನು ಬೇಡವೆಂದೆ. ನನ್ನವರು ಮಾತ್ರ, “ಬೇಡ ಅಂದರೆ ಸಾಲ ಮಾಡಿ ಯಾವುದೋ ಒಂದು ತರ್ತಾನೆ. ನಾವೇ ಕೂತು ನೋಡೋಣ” ಎಂದರು.

ಮಗನ ಮನಸ್ಸು 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮೇಲಿತ್ತು. 411 ಸಿಸಿ ಇಂಜಿನ್, ಸುಮಾರು 200 ಕೆ.ಜಿ. ತೂಕ. ಇನ್ನೊಂದು, 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200. ತೂಕ 160 ಕೆ.ಜಿ. ಆಸುಪಾಸು. ಎರಡಕ್ಕೂ ಮುಂದಿನ ಚಕ್ರ 21 ಇಂಚು. ಚಕ್ರ ದೊಡ್ಡದಿದ್ದಷ್ಟೂ ಹಳ್ಳ, ಕಲ್ಲು ದಾಟುವುದು ಸುಲಭ. ಎರಡರ ಹೊಟ್ಟೆಯೂ ನೆಲದಿಂದ 220 ಮಿ.ಮೀ. ಮೇಲೆ. ಹಿಮಾಲಯನ್ ಸೀಟಿನ ಎತ್ತರ 80 ಸೆಂ.ಮೀ., ಇನ್ನೊಂದರದು 82ಕ್ಕೂ ಹೆಚ್ಚು. “ನೋಡಿ ಅಬ್ಬಾ, ಇದರಲ್ಲೇ ನನ್ನ ಕಾಲು ನೆಲಕ್ಕೆ ಊರುತ್ತೆ” ಎಂದು ಮಗ ವಾದಿಸಿದ.

ನನ್ನವರು ಒಂದೇ ಪ್ರಶ್ನೆ ಕೇಳಿದರು: “ಹೊಲದಲ್ಲಿ ಒಬ್ಬನೇ ಬಿದ್ದರೆ, ಎತ್ತುತ್ತೀಯಾ?”

ಪರಿಚಯದವರ ಎರಡೂ ಬೈಕ್ ತರಿಸಿ, ಗೋಣಿಚೀಲ ಹಾಸಿ ಮಲಗಿಸಿದರು. ದೊಡ್ಡದನ್ನು ಮಗ ಒಮ್ಮೆ ಎತ್ತಿದ. ಎರಡನೇ ಸಲ ಕೈ ನಡುಗಿತು. ಮೂರನೇ ಸಲ ಆಗಲಿಲ್ಲ. ಚಿಕ್ಕದನ್ನು ಮೂರು ಸಲವೂ ಎತ್ತಿದ. “ಮರಳಲ್ಲಿ ಒಂದೇ ಸಲ ಬಿದ್ದು ಮುಗಿಯಲ್ಲ ಮಗಾ” ಎಂದರು. ಚಿಕ್ಕದೇ ಬಂತು. ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ಮೊಣಕಾಲಿಗೆ ಗಾರ್ಡ್, ಪಾದದ ಗಂಟು ಮುಚ್ಚುವ ಬೂಟು ತರಿಸಿದೆ. ಅದು ನನ್ನ ಷರತ್ತು.

ಕಲಿಕೆ ಊರಾಚೆಯ ನೀರಿಲ್ಲದ ಕೆರೆಯಂಗಳದಲ್ಲಿ. ಭಾನುವಾರ ಬೆಳಿಗ್ಗೆ ಜಾಲಿ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ನನ್ನವರು ಕೂಗಿ ಹೇಳುತ್ತಿದ್ದರು: “ಎದ್ದು ನಿಂತು ಓಡಿಸು! ಟ್ಯಾಂಕನ್ನು ಮಂಡಿಯಿಂದ ಒತ್ತಿ ಹಿಡಿ, ಹ್ಯಾಂಡಲ್ ಸಡಿಲ ಬಿಡು. ಚಕ್ರ ನೋಡಬೇಡ, ದೂರ ನೋಡು. ಮರಳಲ್ಲಿ ಹೆದರಿ ಆಕ್ಸಿಲರೇಟರ್ ಬಿಡಬೇಡ. ಜಲ್ಲಿ ತಿರುವಿಗೆ ಮುಂಚೆ, ನೇರ ಇದ್ದಾಗಲೇ ವೇಗ ಇಳಿಸು.” ಕೊನೆಯ ಮಾತು ಹೇಳುವಾಗ ಅವರ ಕೈ ತಾನಾಗಿ ಮೊಣಕಾಲಿನ ಮೇಲೆ ಹೋಗುತ್ತಿತ್ತು. ಇನ್ನೂ ಎರಡು ಮಾತು ಸೇರಿಸಿದ್ದರು: ಮಳೆ ಬಂದ ದಿನ ಎರೆಹೊಲಕ್ಕೆ ಬೈಕ್ ಇಳಿಸಬೇಡ, ಅಮೃತಮಹಲ್ ಕಾವಲಿನ ಹುಲ್ಲಿನ ಮೇಲೆ ಓಡಿಸಬೇಡ, ಅದು ದನಕುರಿಗಳ ಅನ್ನ.

ಮಗ ಮೊದಲ ಸಲ ಬಿದ್ದಾಗ ನಾನು ಚೀರಿ ಓಡಿದೆ. ಹಿಂದಿನಿಂದ ನನ್ನವರ ದನಿ: “ನಿಲ್ಲು, ಹೋಗಬೇಡ. ಅವನೇ ಏಳಲಿ.” ಬಿಸಿಲಲ್ಲಿ ನಿಂತುಬಿಟ್ಟೆ. ಆ ಒಂದು ನಿಮಿಷದಷ್ಟು ಉದ್ದದ ನಿಮಿಷ ನನ್ನ ಬಾಳಲ್ಲಿ ಬೇರೆ ಬಂದಿಲ್ಲ. ಅವನು ಎದ್ದ, ಬೈಕ್ ಎತ್ತಿದ, ಮಣ್ಣು ಕೊಡವಿಕೊಂಡು ನಕ್ಕ.

ಅಂದೇ ನಾನೂ ಎತ್ತಿ ನೋಡಿದೆ. ಮಗನೇ ಹೇಳಿಕೊಟ್ಟ: ಇಂಜಿನ್ ಆಫ್ ಮಾಡಿ, ಗೇರಿನಲ್ಲಿಟ್ಟು, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಸೊಂಟದಿಂದಲ್ಲ, ತೊಡೆಯ ಬಲದಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತ ಏಳಬೇಕು. ಎರಡನೇ ಪ್ರಯತ್ನಕ್ಕೆ ಎದ್ದಿತು! ತುಂಬಿದ ಕೊಡ ಎತ್ತಿದ ಮೈಗೆ ಇದೇನು ಮಹಾ ಎಂದು ನನ್ನವರು ನಕ್ಕರು.

ನಾಲ್ಕು ತಿಂಗಳ ನಂತರ ಮೊಳಕಾಲ್ಮೂರು ತಾಲೂಕಿನ ಹೊಲವೊಂದರಿಂದ ರಾತ್ರಿ ಫೋನ್ ಬಂತು. “ಅಮ್ಮೀ, ಹಳ್ಳದ ಮರಳಲ್ಲಿ ಬಿದ್ದಿದ್ದೆ. ಎತ್ತಿಕೊಂಡೆ. ಪೆಟ್ಟೇನಿಲ್ಲ, ಊಟಕ್ಕೆ ಬರ್ತೀನಿ.”

ಮಗನಿಗೆ ಗಾಡಿ ಕೊಡಿಸಲು ಹೊರಟ ಸೋದರಿಯರೇ, ಮೈಲೇಜ್, ಬಣ್ಣ, ಬೆಲೆ ಎಲ್ಲ ಕೇಳಿ. ಜೊತೆಗೆ, ಮಲಗಿಸಿ ಅವನಿಂದ ಒಮ್ಮೆ ಎತ್ತಿಸಿಯೂ ನೋಡಿ. ಹೆದರಿಕೆ ನನಗೆ ಈಗಲೂ ಇದೆ. ಆದರೆ ಫೋನ್ ಬಂದ ಆ ರಾತ್ರಿ ನಾನು ಓಡಲಿಲ್ಲ. ರೊಟ್ಟಿ ಬಿಸಿ ಮಾಡಿಟ್ಟು ಕಾದೆ.