ಮೇ ತಿಂಗಳ ಕಾಗದಗಳು

ಮುಂಗಾರಿಗೆ ಮೊದಲು ಅಡಿಕೆಗೆ ಒಂದು ಸುತ್ತು ಮದ್ದು ಬಿಡಬೇಕು, 40–45 ದಿನ ಕಳೆದು ಇನ್ನೊಂದು ಸುತ್ತು. ತಪ್ಪಿದರೆ ಕೊಳೆರೋಗ. ಪುತ್ತೂರು, ಸುಳ್ಯ, ಕಡಬದ ಕೃಷಿಕರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೈಲುತುತ್ತು, ಸುಣ್ಣ, ಮರ ಹತ್ತುವವನ ಬಿಡುವು ಎಲ್ಲವೂ ಮೇ ತಿಂಗಳಲ್ಲೇ ನಿಗದಿಯಾಗಿರುತ್ತದೆ. ಅದೇ ಮನೆಯ ಮಗಳು ಪದವಿಗೆ ಸೇರಿದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಸ್ಕಾಲರ್‌ಶಿಪ್‌ನ ಕೊನೆಯ ದಿನಾಂಕ ಕಾಲೇಜಿನ ನೋಟಿಸ್ ಬೋರ್ಡಿಗೆ ಬಂದ ಮೇಲೆಯೇ ಕಪಾಟಿನಲ್ಲಿ ಕಾಗದಗಳ ಹುಡುಕಾಟ ಶುರು.

ಅರ್ಜಿ ತುಂಬುವುದು ದೊಡ್ಡ ಕೆಲಸವೇನಲ್ಲ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್, ಮಕ್ಕಳ ಬಾಯಲ್ಲಿ ಬರೀ ‘ಎಸ್‌ಎಸ್‌ಪಿ’, ಕೇಳುವುದು ಆಧಾರ್, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ನಂಬರು, ಕಾಲೇಜು ಶುಲ್ಕದ ವಿವರ. ಎಲ್ಲವೂ ಕೈಯಲ್ಲಿದ್ದರೆ ಜೆರಾಕ್ಸ್ ಅಂಗಡಿಯ ಹುಡುಗ ಚಹಾ ಆರುವುದರೊಳಗೆ ಮುಗಿಸುತ್ತಾನೆ. ಕೈಯಲ್ಲಿ ಇಲ್ಲದಿರುವುದೇ ತೊಂದರೆ.

ಆದಾಯ ಪ್ರಮಾಣ ಪತ್ರವನ್ನೇ ನೋಡಿ. ಅದರ ಆಯುಷ್ಯ ಐದು ವರ್ಷ. ಎಂಟನೇ ತರಗತಿಗೆ ಸೇರುವಾಗ ಮಾಡಿಸಿದ ಪತ್ರ ಹೈಸ್ಕೂಲಿನ ಮೂರು ವರ್ಷ, ಪಿಯುಸಿಯ ಎರಡು ವರ್ಷ ನಡೆದು, ಪದವಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಸತ್ತಿರುತ್ತದೆ. ಹೊಸದಕ್ಕೆ ನಾಡಕಚೇರಿಗೆ ಹೋಗಬೇಕು, ಗ್ರಾಮ ಆಡಳಿತಾಧಿಕಾರಿಯ ವರದಿ ಆಗಬೇಕು. ಆ ಅಧಿಕಾರಿ ಎಲ್ಲಿದ್ದಾರೆಂದು ಉಗ್ರಾಣಿಯನ್ನು ಕೇಳಿದರೆ, ಮಳೆಹಾನಿ ನೋಡಲು ಹೋಗಿದ್ದಾರೆ ಎನ್ನುವ ಉತ್ತರ. ಸುಳ್ಳಲ್ಲ. ಧರೆ ಕುಸಿದು ಮರ ಬೀಳುವ ತಿಂಗಳುಗಳೂ ಮಕ್ಕಳು ಕಾಲೇಜು ಸೇರುವ ತಿಂಗಳುಗಳೂ ಇಲ್ಲಿ ಒಂದೇ.

ಇನ್ನು ಹೆಸರಿನ ಪಾಡು. ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆ ಮನೆತನದ ಒಂದಕ್ಷರ, ಆಧಾರ್‌ನಲ್ಲಿ ಅಪ್ಪನ ಇಡೀ ಹೆಸರು. ಮನುಷ್ಯರಿಗೆ ಅವೆರಡೂ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಇಬ್ಬರು. ಊರಿನ ವಿಳಾಸವೂ ಅಷ್ಟೇ. ಪುತ್ತೂರು ಮತ್ತು ಸುಳ್ಯದಿಂದ ಗ್ರಾಮಗಳನ್ನು ತೆಗೆದು ಕಡಬ ತಾಲೂಕು ಮಾಡಿದ ಮೇಲೆ ಸುಬ್ರಹ್ಮಣ್ಯ ಕಡಬಕ್ಕೆ ಸೇರಿತು. ಹಳೆಯ ಕಾಗದಗಳಲ್ಲಿ ಅದು ಈಗಲೂ ಸುಳ್ಯ ತಾಲೂಕು.

ಬ್ಯಾಂಕಿನ ಕಥೆ ಇನ್ನೂ ಸ್ವಾರಸ್ಯದ್ದು. ಕರಾವಳಿಯಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಮನೆಯ ಪಾಸ್‌ಬುಕ್ ಮಾತ್ರ ಹಳೆಯ ಹೆಸರಿನದೇ. ಪೋರ್ಟಲ್ಲಿಗೆ ಪಾಸ್‌ಬುಕ್ ಬೇಕಾಗಿಯೂ ಇಲ್ಲ. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಗೆ ವಿದ್ಯಾರ್ಥಿವೇತನ ಬಿದ್ದು, ಇತ್ತ ಮಗು ಸರ್ಕಾರವನ್ನು ಬಯ್ಯುತ್ತಾ ಕೂರುವುದೂ ಉಂಟು.

ಬಿಡುವಷ್ಟು ಸಣ್ಣ ಹಣವೂ ಇದಲ್ಲ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಎಸ್ಸಿ, ಬಿಕಾಂ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ ನಿಗದಿಯಾಯಿತು; ಎಂಜಿನಿಯರಿಂಗ್, ವೈದ್ಯಕೀಯಕ್ಕೆ 10,000 ಮತ್ತು 11,000. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುವುದೆಂದು ನಿಗದಿಯಾಗಿತ್ತು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದು ಮನೆಯ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಕೇಂದ್ರದ ಯೋಜನೆಯೊಂದರಲ್ಲಿ ಪದವಿಗೆ ವರ್ಷಕ್ಕೆ 12,000. ಹತ್ತನೆಯ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಮುಗಿಸಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ 30,000 ಕೊಡುತ್ತದೆ. ಗುತ್ತಿಗಾರಿನಿಂದಲೋ ನೆಲ್ಯಾಡಿಯಿಂದಲೋ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿಗೆ ಈ ಮೊತ್ತಗಳ ಬೆಲೆ ಗೊತ್ತು.

ರೈತ ವಿದ್ಯಾನಿಧಿಯ ಹೆಸರು ಕೇಳಿ ಅಡಿಕೆ ತೋಟದವರೆಲ್ಲ ನಿಶ್ಚಿಂತೆಯಿಂದ ಕೂರುವಂತಿಲ್ಲ. ಅದಕ್ಕೆ ರೈತರ ನೋಂದಣಿಯಾದ ‘ಫ್ರೂಟ್ಸ್’ನಲ್ಲಿ ತಂದೆಯದೋ ತಾಯಿಯದೋ ಗುರುತಿನ ಸಂಖ್ಯೆ ಬೇಕು, ಆ ಸಂಖ್ಯೆಗೆ ಆರ್‌ಟಿಸಿಯಲ್ಲಿ ಹೆಸರು ಬೇಕು. ‘ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಉಂಟು, ಪಾಲಾಗಿಲ್ಲ’ ಎನ್ನುವ ಮನೆಗಳು ಈ ಮೂರು ತಾಲೂಕುಗಳಲ್ಲಿ ಕಡಿಮೆಯೇನಿಲ್ಲ. ಅಣ್ಣತಮ್ಮಂದಿರ ಮಾತುಕತೆ ಮುಗಿಯುವವರೆಗೆ ಪೋರ್ಟಲ್ ಕಾಯುವುದಿಲ್ಲ.

ಅದಕ್ಕಿಂತಲೂ ಕಷ್ಟದಲ್ಲಿರುವವರು ರಬ್ಬರ್ ತೋಟದ ಲೈನ್ ಮನೆಗಳಲ್ಲಿದ್ದಾರೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಟ್ಯಾಪಿಂಗ್ ಮಾಡುತ್ತಾ ನೆಲೆಯೂರಿದವು. ಅವರ ಮಕ್ಕಳು, ಮೊಮ್ಮಕ್ಕಳಿಗೆ ಜಾತಿ ಪ್ರಮಾಣ ಪತ್ರ ಪಡೆಯುವುದೇ ಬಹುಕಾಲದ ಹೋರಾಟವಾಯಿತು. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಈ ದೇಶದಲ್ಲಿ 1944ರಿಂದಲೇ ಇದೆ. ಆದರೆ ಆ ಬಾಗಿಲಿಗೆ ಬೀಗದ ಕೈ ಜಾತಿ ಪತ್ರ. ಇಂಥ ಮಕ್ಕಳು ತಡ ಮಾಡಿದರೆಂದು ಆಕ್ಷೇಪಿಸುವುದು ಅನ್ಯಾಯ.

ಉಳಿದವರನ್ನು ಕೆಡಿಸಿರುವುದು ಇನ್ನೊಂದು ಮಾತು: ‘ಡೇಟ್ ಮುಂದೆ ಹೋಗ್ತದೆ ಮಾರಾಯ.’ ಹೋಗುತ್ತದೆ ನಿಜ, ಇಲಾಖೆಯೇ ಆ ಅಭ್ಯಾಸ ಮಾಡಿಸಿದೆ. ಆದರೆ ವಿಸ್ತರಿಸಿದ ದಿನಾಂಕದ ಕೊನೆಯ ರಾತ್ರಿಯೂ ಸರ್ವರ್ ಅಷ್ಟೇ ಬಳಲಿರುತ್ತದೆ, ಓಟಿಪಿ ಅಷ್ಟೇ ತಡವಾಗಿ ಬರುತ್ತದೆ. ಗುತ್ತಿಗಾರು ಕಡೆಯ ಹುಡುಗಿಯೊಬ್ಬಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವಾಗ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಚಿತ್ರ 2021ರ ಜೂನ್‌ನಲ್ಲಿ ದೇಶವೆಲ್ಲ ಸುತ್ತಿತು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ಊರಿನವರು ಕೊನೆಯ ರಾತ್ರಿಯನ್ನು ನಂಬಬಾರದು.

2024ರಲ್ಲಿ ಉತ್ತರ ಪ್ರದೇಶದ ಕೂಲಿ ಕಾರ್ಮಿಕರೊಬ್ಬರ ಮಗ 17,500 ರೂಪಾಯಿ ಶುಲ್ಕವನ್ನು ಜೂನ್ 24ರ ಸಂಜೆ 5 ಗಂಟೆಯೊಳಗೆ ಕಟ್ಟಲಾಗದೆ ಧನಬಾದ್ ಐಐಟಿಯ ಸೀಟು ಕಳೆದುಕೊಂಡಿದ್ದ. ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ 142ನೇ ವಿಧಿಯ ವಿಶೇಷಾಧಿಕಾರ ಬಳಸಿ ಅದನ್ನು ಮರಳಿ ಕೊಡಿಸಿತು. ವಿದ್ಯಾರ್ಥಿವೇತನ ತಪ್ಪಿಸಿಕೊಂಡ ಬಿಕಾಂ ವಿದ್ಯಾರ್ಥಿ ಐದು ಸಾವಿರಕ್ಕಾಗಿ ದಿಲ್ಲಿಗೆ ಹೋಗಲಾರ.

ದ್ವಿತೀಯ ಪಿಯು ಫಲಿತಾಂಶ ಈಚೆಗೆ ಏಪ್ರಿಲ್‌ನಲ್ಲೇ ಬರುತ್ತಿದೆ. ಅಂಕಪಟ್ಟಿ ಒಯ್ಯಲು ಬಂದ ಮಕ್ಕಳನ್ನು ಪಿಯು ಕಾಲೇಜುಗಳು ಹಾಗೆಯೇ ಕಳುಹಿಸದೆ ಆದಾಯ ಪತ್ರದ ದಿನಾಂಕ, ಆಧಾರ್‌ನ ಹೆಸರು, ಖಾತೆಯ ಜೋಡಣೆ, ಅಪ್ಪ ಅಮ್ಮನ ಫ್ರೂಟ್ಸ್ ಸಂಖ್ಯೆ ಇಷ್ಟನ್ನು ಅಲ್ಲೇ ಒಮ್ಮೆ ನೋಡಲಿ. ಸರಿಪಡಿಸಲು ಮೇ ತಿಂಗಳು ಇಡೀ ಸಿಗುತ್ತದೆ. ಆಗ ನಾಡಕಚೇರಿಯಲ್ಲಿ ಸರದಿ ಸಾಲೂ ಚಿಕ್ಕದು.