ಹಾಸಿಗೆ ಮೀರಿ ಕಾಲು ಚಾಚಿದವರಿಗೆ ಶಿಕ್ಷೆ ಉಂಟೇ?



ನಮ್ಮ ಗಡಿನಾಡಿನ ಯುವಕರಿಗೆ ಫುಟ್‌ಬಾಲ್ ಎಂದರೆ ಜೀವ. ಕಾಸರಗೋಡಿನಿಂದ ತೆಂಕಣಕ್ಕೆ ಮಲಬಾರಿನ ಉದ್ದಕ್ಕೂ ಮಳೆ ನಿಂತು ಗದ್ದೆ ಒಣಗಿತೆಂದರೆ ಸೆವೆನ್ಸ್ ಪಂದ್ಯಗಳ ಗದ್ದಲ ಶುರು. 2022ರ ವಿಶ್ವಕಪ್ಪಿನ ಸಮಯದಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊ ಅವರ ಭಾರೀ ಕಟೌಟುಗಳು ಎದ್ದು ನಿಂತದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಶನಿವಾರ ರಾತ್ರಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯ ನೋಡಿ, ಭಾನುವಾರ ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತಾ ಪೂಜೆಗೆ ಬರುವ ಹುಡುಗರನ್ನು ನಾವು ಬಲಿಪೀಠದಿಂದಲೇ ಗುರುತಿಸಬಲ್ಲೆವು!

ಈಚಿನ ವರ್ಷಗಳಲ್ಲಿ ಈ ಹುಡುಗರ ಮಾತಿನಲ್ಲಿ ಗೋಲುಗಳಷ್ಟೇ ಅಲ್ಲ, ಲೆಕ್ಕಪತ್ರವೂ ಸೇರಿಕೊಂಡಿದೆ. ಯಾವ ಕ್ಲಬ್ಬು ಎಷ್ಟು ಕೋಟಿ ಖರ್ಚು ಮಾಡಿತು, ಯಾರಿಗೆ ಎಷ್ಟು ಅಂಕ ಕಡಿತವಾಯಿತು ಎಂಬುದೇ ಚರ್ಚೆ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: “ಫಾದರ್, ನಿಯಮ ಮುರಿದ ದೊಡ್ಡ ಕ್ಲಬ್ಬಿಗೆ ನಿಜವಾಗಿ ಶಿಕ್ಷೆ ಆಗುತ್ತದಾ, ಅಥವಾ ಅದೆಲ್ಲ ಸಣ್ಣವರಿಗೆ ಮಾತ್ರವಾ?” ಈ ಪ್ರಶ್ನೆ ಆಟಕ್ಕೆ ಮಾತ್ರ ಸೇರಿದ್ದಲ್ಲ ಎಂದು ನಮಗನಿಸಿದ್ದರಿಂದ ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಆಟ ನೋಡದ ಹಿರಿಯರಿಗೂ ತಾಯಂದಿರಿಗೂ ಮೊದಲು ವಿಷಯ ತಿಳಿಸೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ಮನೆಗಳಲ್ಲಿ ಹೇಳುತ್ತೇವಲ್ಲ, ಅದನ್ನೇ ಫುಟ್‌ಬಾಲಿನವರು ನಿಯಮವಾಗಿ ಬರೆದಿದ್ದಾರೆ. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ 2010ರಲ್ಲಿ ಇಂಥ ನಿಯಮಗಳಿಗೆ ಒಪ್ಪಿಗೆ ಕೊಟ್ಟಿತು. 2013ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ತನ್ನದೇ ಆದ ಮಿತಿಯನ್ನು ಇಟ್ಟಿತು: ಮೂರು ವರ್ಷಗಳ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರಬಾರದು. ನಮ್ಮ ಹಣದಲ್ಲಿ ಇದು ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಇಷ್ಟು ನಷ್ಟಕ್ಕೆ ಅನುಮತಿಯೇ ಎಂದು ಬೆರಗಾಗಬೇಡಿ. ಎಳೆಯರ ತರಬೇತಿ, ಮಹಿಳಾ ತಂಡ, ಊರಿನ ಸೇವಾಕಾರ್ಯ, ಕ್ರೀಡಾಂಗಣದ ಕಟ್ಟಡ ಇವುಗಳಿಗೆ ಮಾಡಿದ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುವುದೂ ಇಲ್ಲ.

ಧಣಿಗಳು ತಮ್ಮ ಹಣ ತಾವು ಸುರಿದರೆ ಬೇರೆಯವರಿಗೇನು ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರ ಬೇಕಾದರೆ ಮ್ಯಾಂಚೆಸ್ಟರಿನ ಪಕ್ಕದ ಬರಿ ಎಂಬ ಊರನ್ನು ನೋಡಬೇಕು. 1885ರಲ್ಲಿ ಹುಟ್ಟಿದ ಅಲ್ಲಿನ ಕ್ಲಬ್ಬನ್ನು 2018ರ ಕೊನೆಗೆ ಒಬ್ಬ ಉದ್ಯಮಿ ಕೇವಲ ಒಂದು ಪೌಂಡಿಗೆ ಕೊಂಡರು. ಕ್ಲಬ್ಬು ಸಾಲದಲ್ಲಿ ಮುಳುಗಿತ್ತು, ಆಟಗಾರರಿಗೆ ಸಂಬಳ ಸರಿಯಾಗಿ ಸಿಗುತ್ತಿರಲಿಲ್ಲ. ಆದರೂ ಆ ಹುಡುಗರು ಆಡಿ ಮೇಲಿನ ದರ್ಜೆಗೆ ಬಡ್ತಿ ಗಳಿಸಿದ್ದರು. 2019ರ ಆಗಸ್ಟಿನಲ್ಲಿ, ಯಾರಾದರೂ ಕೊಳ್ಳಬಹುದೆಂಬ ಆಸೆಯಿಂದ ಊರ ಜನ ಪೊರಕೆ ಹಿಡಿದು ಕ್ರೀಡಾಂಗಣವನ್ನು ಗುಡಿಸಿ ಒರೆಸಿದರು. ಅದೇ ದಿನ ರಾತ್ರಿ ಲೀಗು ಬರಿ ಕ್ಲಬ್ಬನ್ನು ಹೊರಗೆ ಹಾಕಿತು. ಆ ಹೆಸರಿನ ತಂಡ ಮತ್ತೆ ಅದೇ ಮೈದಾನಕ್ಕೆ ಇಳಿದದ್ದು 2023ರಲ್ಲಿ, ಅದೂ ಒಂಬತ್ತನೆಯ ಹಂತದಿಂದ. ಲೆಕ್ಕ ತಪ್ಪಿಸಿದವರು ಯಾರೋ, ಕಣ್ಣೀರು ಹಾಕಿದವರು ಯಾರೋ! ಖರ್ಚಿಗೆ ಬೇಲಿ ಬೇಕೆನ್ನುವುದು ಇದಕ್ಕಾಗಿ.

ಬೇಲಿ ಹಾರಿದವರಿಗೆ ಶಿಕ್ಷೆ ಆಗಿದೆಯೇ? ಆಗಿದೆ. ಆಗಲೇ ಇಲ್ಲ ಎನ್ನುವುದು ತಪ್ಪು. 2023ರ ನವೆಂಬರಿನಲ್ಲಿ ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬಿನ 10 ಅಂಕಗಳನ್ನು ಕಡಿತ ಮಾಡಲಾಯಿತು. ನಷ್ಟ ಮಿತಿಗಿಂತ 1.95 ಕೋಟಿ ಪೌಂಡ್ ಹೆಚ್ಚಾಗಿತ್ತು. ಮಿತಿ ಮೀರಿದ್ದನ್ನು ಕ್ಲಬ್ಬು ಒಪ್ಪಿತ್ತು, ಎಷ್ಟು ಎಂಬುದರಲ್ಲಿ ಮಾತ್ರ ತಕರಾರು. ಮೇಲ್ಮನವಿಯಲ್ಲಿ 10 ಅಂಕ 6ಕ್ಕೆ ಇಳಿಯಿತು. 2024ರ ಏಪ್ರಿಲಿನಲ್ಲಿ ಮುಂದಿನ ಅವಧಿಯ ತಪ್ಪಿಗಾಗಿ ಮತ್ತೆ 2 ಅಂಕ ಹೋಯಿತು. ಅದೇ ಋತುವಿನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ 4 ಅಂಕ ಕಳೆದುಕೊಂಡಿತು. ಅವರಿಗೆ ಗೊತ್ತುಪಡಿಸಿದ ಶಿಕ್ಷೆ 6 ಅಂಕ. ಬೇಗ ತಪ್ಪೊಪ್ಪಿ ಸಹಕರಿಸಿದರೆಂದು 2 ಅಂಕ ರಿಯಾಯಿತಿ ಕೊಟ್ಟರು. ಇಟಲಿಯಲ್ಲಿ ಯುವೆಂಟಸ್‌ನಂಥ ಹಳೆಯ, ಬಲಾಢ್ಯ ಕ್ಲಬ್ಬಿಗೂ ಆಟಗಾರರ ಮಾರಾಟದ ಲೆಕ್ಕ ಉಬ್ಬಿಸಿದ ಪ್ರಕರಣದಲ್ಲಿ 2023ರ ಜನವರಿಯಲ್ಲಿ 15 ಅಂಕ ಕಡಿತವಾಗಿ, ಮರುವಿಚಾರಣೆಯ ನಂತರ ಮೇ ತಿಂಗಳಲ್ಲಿ ಅದು 10 ಅಂಕವಾಯಿತು. ಮುಂದೆ ಒಂದು ವರ್ಷ ಯುರೋಪಿನ ಪಂದ್ಯಾವಳಿಯಿಂದಲೂ ಆ ಕ್ಲಬ್ಬು ಹೊರಗುಳಿಯಬೇಕಾಯಿತು.

ಶಿಕ್ಷೆ ಉಂಟು, ಸರಿ. ಆದರೆ ಅದು ಯಾವಾಗ ಬಂತು ಎಂಬುದನ್ನೂ ನೋಡಬೇಕು. ಎವರ್ಟನ್ ತಪ್ಪಿದ ಅವಧಿ ಮುಗಿದದ್ದು 2021-22ರ ಋತುವಿಗೆ. ಆ ವರ್ಷ ಎವರ್ಟನ್ ಗಳಿಸಿದ್ದು 39 ಅಂಕ. ಬರ್ನ್ಲಿ ಎಂಬ ಸಣ್ಣ ಊರಿನ ಕ್ಲಬ್ಬು 35 ಅಂಕ ಗಳಿಸಿ ಕೆಳಗಿನ ದರ್ಜೆಗೆ ಬಿತ್ತು. ಮುಂದೆ ಮೇಲ್ಮನವಿಯಲ್ಲಿ ಉಳಿದ ಆ 6 ಅಂಕವನ್ನು ಅದೇ ವರ್ಷ ಕಳೆದಿದ್ದರೆ ಎವರ್ಟನ್ 33ಕ್ಕೆ ಇಳಿಯುತ್ತಿತ್ತು, ಬರ್ನ್ಲಿ ಉಳಿಯುತ್ತಿತ್ತು. ಶಿಕ್ಷೆ ಬಂದದ್ದು ಮಾತ್ರ 2023-24ರಲ್ಲಿ. ಆಗ 8 ಅಂಕ ಕಳೆದ ಮೇಲೂ ಎವರ್ಟನ್ ಬಚಾವಾಯಿತು. ಕೆಳಗಿನ ದರ್ಜೆಗೆ ಬಿದ್ದ ಕ್ಲಬ್ಬಿನ ಆದಾಯ ಒಂದೇ ವರ್ಷದಲ್ಲಿ ಕುಸಿಯುತ್ತದೆ. ಅದರ ಬಿಸಿ ತಟ್ಟುವುದು ಆಟಗಾರರಿಗಿಂತ ಹೆಚ್ಚಾಗಿ ಕಚೇರಿಯ ಗುಮಾಸ್ತರಿಗೆ, ಅಡುಗೆಯವರಿಗೆ, ಮೈದಾನದ ಕೆಲಸದವರಿಗೆ. ನ್ಯಾಯವೆಂದರೆ ಪ್ರತಿಯೊಬ್ಬನಿಗೂ ಅವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು ಎಂದು ಸೆಮಿನರಿಯಲ್ಲಿ ನಾವು ಕಲಿತದ್ದುಂಟು. ತಪ್ಪು ಮಾಡಿದವನಿಗೆ ಸಲ್ಲಬೇಕಾದದ್ದು ಸಂದರೆ ಅದು ಅರ್ಧ ನ್ಯಾಯ. ನೊಂದವನಿಗೆ ಸಲ್ಲಬೇಕಾದದ್ದು ಸಕಾಲದಲ್ಲಿ ಸಂದರೆ ಮಾತ್ರ ಅದು ಪೂರ್ತಿಯಾಗುತ್ತದೆ.

ಇನ್ನು ಹುಡುಗರ ಬಾಯಲ್ಲಿ ಸದಾ ಇರುವ ಹೆಸರು ಮ್ಯಾಂಚೆಸ್ಟರ್ ಸಿಟಿ. 2008ರಲ್ಲಿ ಅಬುಧಾಬಿಯ ರಾಜಮನೆತನದ ಶೇಖ್ ಮನ್ಸೂರ್ ಅವರ ಕೈಗೆ ಬಂದ ಮೇಲೆ ಈ ಕ್ಲಬ್ಬಿನ ಭಾಗ್ಯವೇ ಬದಲಾಯಿತು. ಇದೇ ಕ್ಲಬ್ಬಿನ ಒಡೆತನದ ಸಂಸ್ಥೆ 2019ರಲ್ಲಿ ನಮ್ಮ ಮುಂಬೈ ಸಿಟಿ ತಂಡದ ಬಹುಪಾಲು ಷೇರುಗಳನ್ನು ಕೊಂಡದ್ದು ಹಲವರಿಗೆ ನೆನಪಿರಬಹುದು. 2014ರಲ್ಲಿ ಯುಇಎಫ್‌ಎ ಸಿಟಿಗೂ ಪ್ಯಾರಿಸಿನ ಪಿಎಸ್‌ಜಿಗೂ ತಲಾ 6 ಕೋಟಿ ಯೂರೋ ದಂಡ ಹಾಕಿತು. ಅದರಲ್ಲಿ 4 ಕೋಟಿ, ಷರತ್ತು ಪಾಲಿಸಿದರೆ ಬಿಟ್ಟುಕೊಡುವಂಥದ್ದು. ಅಂಥ ಧಣಿಗಳಿಗೆ ಇದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. 2020ರ ಫೆಬ್ರವರಿಯಲ್ಲಿ ಯುಇಎಫ್‌ಎ ಸಿಟಿಗೆ ಎರಡು ವರ್ಷ ಯುರೋಪಿನ ಪಂದ್ಯಾವಳಿಗಳಿಂದ ನಿಷೇಧ ವಿಧಿಸಿತು. ಜುಲೈ ತಿಂಗಳಲ್ಲಿ ಕ್ರೀಡಾ ನ್ಯಾಯಮಂಡಳಿ ಆ ನಿಷೇಧವನ್ನು ರದ್ದು ಮಾಡಿತು. ಹೆಚ್ಚಿನ ಆರೋಪಗಳು ಒಂದೋ ರುಜುವಾತಾಗಿಲ್ಲ, ಇಲ್ಲವೇ ಐದು ವರ್ಷದ ಕಾಲಮಿತಿ ದಾಟಿವೆ ಎಂದಿತು. ತನಿಖೆಗೆ ಸಹಕರಿಸದ ತಪ್ಪಿಗೆ 1 ಕೋಟಿ ಯೂರೋ ದಂಡ ಮಾತ್ರ ಉಳಿಯಿತು.

2023ರ ಫೆಬ್ರವರಿಯಲ್ಲಿ ಪ್ರೀಮಿಯರ್ ಲೀಗ್ ಇದೇ ಕ್ಲಬ್ಬಿನ ಮೇಲೆ ನೂರಕ್ಕೂ ಹೆಚ್ಚು ಆರೋಪ ಹೊರಿಸಿತು. ಅವುಗಳಲ್ಲಿ ಮುಖ್ಯವಾದವು 2009-10ರಿಂದ 2017-18ರವರೆಗಿನ ಲೆಕ್ಕಪತ್ರಕ್ಕೆ ಸಂಬಂಧಿಸಿದವು. ಆ ಅವಧಿಯಲ್ಲಿ ಸಿಟಿ ಮೂರು ಬಾರಿ ಲೀಗ್ ಗೆದ್ದಿತ್ತು. 2024ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಶುರುವಾದ ವಿಚಾರಣೆ ಡಿಸೆಂಬರಿನಲ್ಲಿ ಮುಗಿಯಿತು. 2024-25ರ ಋತು ಮುಗಿದು ಕಪ್ಪು ಹಂಚಿದಾಗಲೂ ತೀರ್ಪು ಹೊರಬಿದ್ದಿರಲಿಲ್ಲ. ಆರೋಪದ ಮೊದಲ ಋತುವಿನಲ್ಲಿ ಹತ್ತು ವರ್ಷದ ಬಾಲಕನಾಗಿದ್ದವನು ವಿಚಾರಣೆ ಮುಗಿಯುವಾಗ ಇಪ್ಪತ್ತೈದರ ಯುವಕ!

ಇಲ್ಲಿ ಒಂದು ಎಚ್ಚರ ಬೇಕು. ಸಿಟಿ ಎಲ್ಲ ಆರೋಪಗಳನ್ನೂ ನಿರಾಕರಿಸಿದೆ. ಆರೋಪ ಬೇರೆ, ಅಪರಾಧ ಬೇರೆ. ಚಹಾದಂಗಡಿಯ ಬೆಂಚಿನಲ್ಲಿ ಕುಳಿತು ತೀರ್ಪು ಕೊಡುವುದು ಸುಲಭ, ಆದರೆ ಅದು ಅನ್ಯಾಯ. ಕ್ಲಬ್ಬು ನಿರ್ದೋಷಿಯಾಗಿದ್ದರೆ ಇಷ್ಟು ವರ್ಷ ಕಳ್ಳನೆಂಬ ಹೆಸರು ಹೊತ್ತದ್ದು ಅನ್ಯಾಯ. ದೋಷಿಯಾಗಿದ್ದರೆ ಅದರ ಎದುರು ಸೋತವರೆಲ್ಲ ಇಷ್ಟು ವರ್ಷ ಕಾದದ್ದು ಅನ್ಯಾಯ. ವಿಳಂಬದಿಂದ ಯಾರಿಗೂ ನ್ಯಾಯ ಸಿಗುವುದಿಲ್ಲ.

ಇನ್ನು ಕೆಲವರು ನಿಯಮವನ್ನು ಮುರಿಯುವುದೇ ಇಲ್ಲ, ಬಳಸಿ ಹೋಗುತ್ತಾರೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬಂತೆ! ಲಂಡನ್ನಿನ ಚೆಲ್ಸಿ ಕ್ಲಬ್ಬು ತನ್ನ ಎರಡು ಹೋಟೆಲುಗಳನ್ನು ತನ್ನದೇ ಧಣಿಗಳ ಇನ್ನೊಂದು ಕಂಪನಿಗೆ 7.65 ಕೋಟಿ ಪೌಂಡಿಗೆ ಮಾರಿ ಲಾಭ ತೋರಿಸಿತು. ಆಮೇಲೆ ಮಹಿಳಾ ತಂಡವನ್ನೂ ಹಾಗೆಯೇ ಮಾರಿತು. ಬಲ ಜೇಬಿನಿಂದ ತೆಗೆದು ಎಡ ಜೇಬಿಗೆ ಹಾಕಿ ಆದಾಯ ಬಂತು ಎಂದಂತೆ. ಹೋಟೆಲಿನ ವ್ಯವಹಾರವನ್ನು ಪ್ರೀಮಿಯರ್ ಲೀಗ್ ಒಪ್ಪಿಕೊಂಡಿತು. ಇಂಥ ಲಾಭವನ್ನು ಲೆಕ್ಕಕ್ಕೆ ಹಿಡಿಯದ ಯುಇಎಫ್‌ಎ 2025ರ ಜುಲೈಯಲ್ಲಿ ಚೆಲ್ಸಿಗೆ 3.1 ಕೋಟಿ ಯೂರೋ ದಂಡ ಹಾಕಿತು. ಒಂದೇ ಪುಸ್ತಕ ಒಂದು ಮೇಜಿನ ಮೇಲೆ ಸರಿ, ಇನ್ನೊಂದರ ಮೇಲೆ ತಪ್ಪು! ಪ್ರೀಮಿಯರ್ ಲೀಗಿನ ಒಡೆಯರು ಅದರಲ್ಲಿ ಆಡುವ 20 ಕ್ಲಬ್ಬುಗಳೇ. ನಿಯಮ ಬದಲಿಸಲು 14 ಮತ ಬೇಕು. ತಮ್ಮ ಕೈಗೆ ಹಾಕುವ ಬೇಡಿಯನ್ನು ಯಾರು ತಾನೇ ಬಿಗಿಯಾಗಿ ಮಾಡಿಸುತ್ತಾರೆ?

ಇದೆಲ್ಲ ದೂರದ ಇಂಗ್ಲೆಂಡಿನ ಕಥೆ ಎನಿಸಿದರೆ, ನಾವು ಹೊಸದಾಗಿ ಸಹಾಯಕ ಗುರುವಾಗಿದ್ದಾಗ ಕಂಡ ಒಂದು ಸಂಗತಿ ಕೇಳಿ. ಕೆಲವು ಚರ್ಚುಗಳ ಯುವಕರಿಗಾಗಿ ಫುಟ್‌ಬಾಲ್ ಪಂದ್ಯಾಟ ನಡೆದಿತ್ತು. ಆಯಾ ಚರ್ಚಿನ ಹುಡುಗರೇ ಆಡಬೇಕೆಂಬುದು ನಿಯಮ. ಒಂದು ಸಣ್ಣ ಚರ್ಚಿನ ನಾಯಕ ತಾನಾಗಿಯೇ ಬಂದು, “ನಮ್ಮಲ್ಲಿ ಒಬ್ಬ ಹುಡುಗ ಅಜ್ಜಿಮನೆಯಲ್ಲಿರುವವನು, ಅವನ ಹೆಸರು ಬೇರೆ ಚರ್ಚಿನಲ್ಲಿದೆ” ಎಂದು ಹೇಳಿದ. ಸಂಘಟಕರು ಕೂಡಲೇ ಆ ತಂಡವನ್ನು ಹೊರಗೆ ಹಾಕಿದರು. ಇನ್ನೊಂದು ತಂಡದಲ್ಲಿ ದುಡ್ಡು ಕೊಟ್ಟು ಕರೆಸಿದ ಮೂವರಿದ್ದಾರೆಂದು ದೂರು ಬಂತು. ಟ್ರೋಫಿಯ ಖರ್ಚು ಕೊಟ್ಟವರು ಆ ತಂಡದ ಕಡೆಯವರು. “ಫೈನಲ್ ಆಗಲಿ, ಆಮೇಲೆ ವಿಚಾರಿಸೋಣ” ಎಂದರು. ಫೈನಲ್ ಆಯಿತು, ಪಟಾಕಿ ಸಿಡಿಯಿತು, ಊಟವೂ ಆಯಿತು. ದೂರಿನ ಕಾಗದ ಎಲ್ಲಿ ಹೋಯಿತೋ! ಮರುವರ್ಷ ಆ ಸಣ್ಣ ಚರ್ಚಿನ ನಾಯಕನನ್ನು ಮಾತಾಡಿಸಿದಾಗ ಅವನು ಹೇಳಿದ್ದು ಇಷ್ಟೇ: “ಇನ್ನು ಮೇಲೆ ನಾನು ಹೇಳುವುದಿಲ್ಲ ಫಾದರ್.”

ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ನಿಯಮ ಮುರಿದವನು ಕಪ್ಪು ಎತ್ತಿದ್ದು ದೊಡ್ಡ ನಷ್ಟವಲ್ಲ, ಕಪ್ಪಿಗೆ ತುಕ್ಕು ಹಿಡಿಯುತ್ತದೆ. ಸತ್ಯ ಹೇಳಿದ ಹುಡುಗ ಇನ್ನು ಸತ್ಯ ಹೇಳಬಾರದೆಂದು ಕಲಿತನಲ್ಲ, ಅದು ನಷ್ಟ. ಲೆಕ್ಕದ ಪುಸ್ತಕ ತೆರೆದಿಟ್ಟವನಿಗೆ ಆರು ತಿಂಗಳಲ್ಲಿ ಶಿಕ್ಷೆ, ವಕೀಲರ ದಂಡು ಕಟ್ಟಿಕೊಂಡವನಿಗೆ ವರ್ಷಗಟ್ಟಲೆ ವಾಯಿದೆ ಎಂದಾದರೆ, ಮುಂದಿನವರು ಕಲಿಯುವುದು ಮಿತವ್ಯಯವನ್ನಲ್ಲ, ಪುಸ್ತಕ ಮುಚ್ಚಿಡುವುದನ್ನು. ಫಾರೆಸ್ಟ್ ಕ್ಲಬ್ಬಿಗೆ ತಪ್ಪೊಪ್ಪಿದ್ದಕ್ಕೆ ಕೊಟ್ಟ 2 ಅಂಕದ ರಿಯಾಯಿತಿ ಅದಕ್ಕೇ ನಮಗೆ ಮೆಚ್ಚುಗೆಯಾಯಿತು.

ಬದಲಾವಣೆ ಬಾರದೆ ಇಲ್ಲ. 2025ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡಳಿತ ಕಾಯಿದೆ ಜಾರಿಗೆ ಬಂದು, ಮೇಲಿನ ಐದು ದರ್ಜೆಯ ಕ್ಲಬ್ಬುಗಳಿಗೆ ಪರವಾನಗಿ ಕೊಡುವ, ಧಣಿಗಳ ಯೋಗ್ಯತೆ ಪರೀಕ್ಷಿಸುವ ಸ್ವತಂತ್ರ ನಿಯಂತ್ರಕರಿಗೆ ದಾರಿಯಾಯಿತು. ಅದೇ ವರ್ಷ ನವೆಂಬರಿನಲ್ಲಿ ಪ್ರೀಮಿಯರ್ ಲೀಗಿನ ಕ್ಲಬ್ಬುಗಳು, 2026-27ರಿಂದ ತಂಡಕ್ಕೆ ಮಾಡುವ ಖರ್ಚು ಆದಾಯದ ಶೇ. 85 ಮೀರಬಾರದೆಂಬ ಹೊಸ ಅಳತೆಗೆ ಮತ ಹಾಕಿದವು. ಆದಾಯ ಹೆಚ್ಚಿರುವ ಹಳೆಯ ಶ್ರೀಮಂತರಿಗೆ ಇದರಿಂದಲೂ ಅನುಕೂಲವೇ ಎಂಬ ದೂರಿನಲ್ಲಿ ಸತ್ಯಾಂಶವಿದೆ. ದೊಡ್ಡ ಹಾಸಿಗೆಯವನು ಕಾಲು ಚಾಚಿ ಮಲಗಬಹುದು, ಸಣ್ಣ ಹಾಸಿಗೆಯವನು ಮುದುಡಿಯೇ ಇರಬೇಕು. ಆದರೆ ಬರಿಯಂಥ ಊರು ಇನ್ನೊಮ್ಮೆ ಅನಾಥವಾಗುವುದಕ್ಕಿಂತ ಕುಂದುಳ್ಳ ಬೇಲಿಯೇ ಮೇಲು.

ಹಾಗಾದರೆ ಹುಡುಗರ ಪ್ರಶ್ನೆಗೆ ನಮ್ಮ ಉತ್ತರವೇನು? ಶಿಕ್ಷೆ ಉಂಟು ಮಕ್ಕಳೇ. ಆದರೆ ಅದು ದಂಡದ ರೂಪದಲ್ಲಿ ಬಂದರೆ ಸಿರಿವಂತನಿಗೆ ತಟ್ಟುವುದಿಲ್ಲ, ಅಂಕದ ರೂಪದಲ್ಲಿ ಬಂದರೆ ಎಲ್ಲರಿಗೂ ತಟ್ಟುತ್ತದೆ. ತಡವಾಗಿ ಬಂದರೆ ನೊಂದವನಿಗೆ ಉಪಯೋಗವಿಲ್ಲ. ಒಬ್ಬನಿಗೆ ಬೇಗ, ಒಬ್ಬನಿಗೆ ತಡ ಎಂದಾದರೆ ಅದನ್ನು ಶಿಕ್ಷೆ ಎಂದು ಯಾರೂ ನಂಬುವುದಿಲ್ಲ. ನಿಮ್ಮ ಪ್ರೀತಿಯ ತಂಡದ ಮೇಲೆ ತೀರ್ಪು ಬಂದ ದಿನ, ಎದುರಾಳಿಯ ತಂಡಕ್ಕೆ ನೀವು ಬಯಸಿದ ಅಳತೆಯನ್ನೇ ನಿಮ್ಮವರಿಗೂ ಬಯಸಿ. ಯುವಕ ಸಂಘದ ಹಣದ ಪೆಟ್ಟಿಗೆ ನಿಮ್ಮ ಕೈಗೆ ಬಂದಾಗ, ಹಬ್ಬದ ವಂತಿಗೆಯ ಲೆಕ್ಕ ಓದುವ ಸರದಿ ಬಂದಾಗ ಅದೇ ಅಳತೆಯನ್ನು ನೆನಪಿಡಿ. ತಾನಾಗಿ ಬಂದು ತಪ್ಪು ಹೇಳಿದವನ ಬೆನ್ನು ತಟ್ಟಲು ಮರೆಯಬೇಡಿ.